ರೋಗಕ್ಕೆ ಹೆಸರಿಡುವ ಮುನ್ನ

ತುಮಕೂರು ನಗರದಿಂದಲೂ ಗುಬ್ಬಿ, ಕುಣಿಗಲ್ ಸೀಮೆಗಳಿಂದಲೂ ಪಶುಸಂಗೋಪನಾ ಡಿಪ್ಲೊಮಾ ವ್ಯಾಸಂಗಕ್ಕೆ ಹೊರಟಿರುವ ಎಳೆಯ ಮಿತ್ರರಿಗೆ,

ಕಳೆದ ಆಷಾಢದ ಒಂದು ಮಧ್ಯಾಹ್ನ, ಗುಬ್ಬಿಯ ಬಸ್ ನಿಲ್ದಾಣದಲ್ಲಿ ತುಮಕೂರಿನ ಬಸ್ಸಿಗಾಗಿ ನಾನು ಕಾಯುತ್ತ ಕುಳಿತಿದ್ದಾಗ, ನಿಮ್ಮಲ್ಲೊಬ್ಬನಾದ ಹುಡುಗನು, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಪಶುಸಂಗೋಪನಾ ಪಾಲಿಟೆಕ್ನಿಕ್ಕಿನಲ್ಲಿ ಮೊದಲ ವರ್ಷ ಓದುತ್ತಿರುವವನು, ನನ್ನ ಗುರುತು ಹಿಡಿದು ಪಕ್ಕದಲ್ಲಿ ಬಂದು ಕುಳಿತು, ಚೀಲದಿಂದ ಒಂದು ನೋಟುಪುಸ್ತಕವನ್ನು ತೆಗೆದು ಬಹು ಸಂಕೋಚದಿಂದ ನನ್ನ ಮುಂದೆ ಹಿಡಿದನು. ಪುಟಪುಟಕ್ಕೂ ಕೆಂಪು ಶಾಯಿಯಲ್ಲಿ ಗೆರೆಗಳನ್ನೆಳೆದು ನಾಲ್ಕು ಅಂಕಣಗಳನ್ನು ಮಾಡಿದ್ದನು. ಒಂದರಲ್ಲಿ ರೋಗದ ಹೆಸರು, ಮುಂದಿನದರಲ್ಲಿ ಕಾರಣ, ಆಮೇಲೆ ಲಕ್ಷಣ, ಕೊನೆಯಲ್ಲಿ ಚಿಕಿತ್ಸೆ. ಅಕ್ಷರವೂ ದುಂಡಾಗಿದ್ದಿತು. "ದೊಡ್ಡ ಪ್ರಾಣಿಗಳ ಕಾಯಿಲೆಗಳು ಇಷ್ಟೊಂದು ಇದಾವಲ್ಲ ಸಾರ್, ಇವನ್ನೆಲ್ಲ ನೆನಪಲ್ಲಿ ಇಟ್ಕೊಳ್ಳೋದು ಹೆಂಗೆ?" ಎಂದು ಕೇಳಿದನು. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂದಿತು. ಸೀಟು ಹಿಡಿಯುವ ಆತುರದಲ್ಲಿ ಉತ್ತರವು ಉಳಿದೇ ಹೋಯಿತು. ಮಲ್ಲಸಂದ್ರದ ಡೇರಿಯನ್ನು ದಾಟುವ ವೇಳೆಗೆ ಹೇಳಬೇಕಾದ ಮಾತು ಹೊಳೆಯಿತಾದರೂ ಹುಡುಗನು ಬಹುದೂರ ಹಿಂದೆ ಉಳಿದಿದ್ದನು. ಅವನ ಹೆಸರನ್ನು ಕೇಳುವುದನ್ನೂ ಮರೆತಿದ್ದ ಕಾರಣ, ಅವನಿಗೆ ಸಲ್ಲಬೇಕಾದ ಉತ್ತರವನ್ನು ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಆ ನೋಟುಪುಸ್ತಕದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಂಕಣಗಳ ಕ್ರಮವು ತಲೆಕೆಳಗಾಗಿದ್ದಿತು. ಪರೀಕ್ಷೆಯ ಕೊಠಡಿಯಲ್ಲಿ ರೋಗದ ಹೆಸರನ್ನು ಮೊದಲು ಕೊಟ್ಟು ಲಕ್ಷಣವನ್ನು ಕೇಳುತ್ತಾರೆ. ಕೊಟ್ಟಿಗೆಯಲ್ಲಿ ಲಕ್ಷಣವಷ್ಟೆ ಮುಂದೆ ನಿಂತಿರುತ್ತದೆ, ಅಥವಾ ಮಲಗಿರುತ್ತದೆ, ಹೆಸರನ್ನು ನಾವು ಹುಡುಕಬೇಕಾಗುತ್ತದೆ. ಮೂವತ್ತೈದು ವರ್ಷಗಳ ಸೇವೆಯಲ್ಲಿ ನಾನು ಮಾಡಿದ ತಪ್ಪುಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿ ನೋಡಿದರೆ, ಮದ್ದು ಗೊತ್ತಿಲ್ಲದೆ ಮಾಡಿದ ತಪ್ಪುಗಳು ಕೆಲವೇ. ಹೆಸರನ್ನು ಅವಸರದಿಂದ ಇಟ್ಟು ಮಾಡಿದವೇ ಬಹಳ.

ನೀವು ಕಲಿಯಲಿರುವ ವ್ಯಾಧಿಗಳಿಗೆ ಎರಡೆರಡು ಹೆಸರುಗಳುಂಟು: ಪುಸ್ತಕದ ಹೆಸರೊಂದು, ಕೊಟ್ಟಿಗೆಯ ಹೆಸರೊಂದು. ಪಟ್ಟಣದಲ್ಲಿ ಹುಟ್ಟಿ ಬೆಳೆದವರು ಕೊಟ್ಟಿಗೆಯ ಹೆಸರುಗಳನ್ನು ಕೇಳಿ ನಗುವುದನ್ನು ನಾನು ಕಂಡಿದ್ದೇನೆ. ನಗಬೇಡಿರಿ, ಅವು ಕಣ್ಣಾರೆ ಕಂಡವರು ಇಟ್ಟ ಹೆಸರುಗಳು. ಚಪ್ಪೆಯೆಂದರೆ ಸೊಂಟದಿಂದ ಕೆಳಗಣ ತೊಡೆಯ ಭಾಗ. ಮೈ ತುಂಬಿಕೊಂಡು ಬೆಳೆಯುತ್ತಿರುವ ಕಡಸೋ ಹೋರಿಯೋ ಮುಂಗಾರಿನ ಮೊದಲ ಮಳೆಗಳಾದ ಮೇಲೆ ಇದ್ದಕ್ಕಿದ್ದಂತೆ ಕುಂಟತೊಡಗಿ, ತೊಡೆಯು ಊದಿಕೊಂಡು, ಒತ್ತಿದರೆ ಒಳಗೆ ತರಗೆಲೆ ತುಳಿದ ಹಾಗೆ ಚರಚರ ಸದ್ದಾಗುವುದನ್ನು ನೋಡಿದವನೇ ಅದನ್ನು ಚಪ್ಪೆರೋಗವೆಂದು ಕರೆದನು. ಕಾಲುಬಾಯಿ ಜ್ವರವೆಂಬ ಹೆಸರಿನಲ್ಲಿ ಹುಣ್ಣುಗಳ ಸ್ಥಾನವೂ ಮೈಕಾವೂ ಎರಡೂ ಅಡಗಿವೆ. ಗರ್ಭವು ಅಕಾಲದಲ್ಲಿ ಕಳಚಿಬೀಳುವುದನ್ನು ಕಂದು ಹಾಕುವುದೆಂದು ನಮ್ಮವರು ಹೇಳುತ್ತಿದ್ದುದರಿಂದ, ಬ್ರುಸೆಲ್ಲಾ ಎಂಬ ಸೂಕ್ಷ್ಮಜೀವಿಯ ಹೆಸರು ಹಳ್ಳಿಗೆ ಬಂದ ದಿನವೇ ಅದಕ್ಕೆ ಕಂದುರೋಗವೆಂಬ ಪೀಠವು ಸಿದ್ಧವಾಗಿದ್ದಿತು. ಇತ್ತೀಚೆಗೆ, 2022ರಲ್ಲಿ, ರಾಸುಗಳ ಮೈಯೆಲ್ಲ ಹುಣಿಸೆಬೀಜದ ಗಾತ್ರದ ಗಂಟುಗಳೆದ್ದು ನಾಡೆಲ್ಲ ಕಂಗೆಟ್ಟಾಗ, ಚರ್ಮಗಂಟು ರೋಗವೆಂಬ ಹೆಸರು ತಿಂಗಳೊಪ್ಪತ್ತಿನಲ್ಲಿ ಎಲ್ಲರ ಬಾಯಲ್ಲೂ ಕುಳಿತುಬಿಟ್ಟಿತು. ಭಾಷೆಯು ಇನ್ನೂ ಕೊಟ್ಟಿಗೆಯನ್ನು ಬಿಟ್ಟು ಹೋಗಿಲ್ಲವೆಂದು ಆಗ ನನಗೆ ಸಮಾಧಾನವಾಯಿತು.

ಆದರೆ ಹೆಸರು, ಎಷ್ಟು ಚೆನ್ನಾಗಿದ್ದರೂ, ವಂಚಿಸಬಲ್ಲದು. ಹಾಲುಜ್ವರದ ಸಂಗತಿಯನ್ನು ಹೇಳುತ್ತೇನೆ. ತರಬೇತಿ ಮುಗಿದ ಹೊಸದರಲ್ಲಿ ಗುಬ್ಬಿ ತಾಲ್ಲೂಕಿನ ಒಂದು ಅಡಕೆ ತೋಟದ ಮನೆಗೆ ಕರೆ ಬಂದಿದ್ದಿತು. ಕರು ಹಾಕಿ ಎರಡನೆಯ ದಿನದ ಮಿಶ್ರತಳಿಯ ಹಸು. ಕುತ್ತಿಗೆಯನ್ನು ಪಕ್ಕಕ್ಕೆ ಮಡಿಸಿ ತಲೆಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಎಲ್ಲವನ್ನೂ ಬಿಟ್ಟುಕೊಟ್ಟ ಹಾಗೆ ಮಲಗಿದ್ದಿತು. ಹಾಲುಜ್ವರವೆಂದು ಮನೆಯವರೇ ಹೇಳಿದರು. ನಾನೂ ಹೌದೆಂದೆನು; ಜ್ವರವೆಂಬ ಪದವು ಕಿವಿಗೆ ಬಿದ್ದೊಡನೆ ಜ್ವರವಿಳಿಸುವ ಮದ್ದನ್ನು ಚೀಲದಲ್ಲಿ ತಡಕತೊಡಗಿದೆನು. ಅಷ್ಟರಲ್ಲಿ ಸೈಕಲ್ಲಿನಲ್ಲಿ ಹಿಂದಿನಿಂದ ಬಂದ ನಮ್ಮ ವೈದ್ಯಾಧಿಕಾರಿಗಳು, ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬಂದವರು, ಒಂದೇ ಪ್ರಶ್ನೆ ಕೇಳಿದರು: "ಕಿವಿ ಮುಟ್ಟಿ ನೋಡಿದೆಯೇನಯ್ಯ?" ಮುಟ್ಟಿದೆನು. ಕಿವಿಯು ಮಾಘದ ಬೆಳಗಿನ ಕಲ್ಲಿನಂತೆ ತಣ್ಣಗಿದ್ದಿತು. ಹಾಲುಜ್ವರದಲ್ಲಿ ಜ್ವರವಿಲ್ಲ! ಕರು ಹಾಕಿದೊಡನೆ ಕೆಚ್ಚಲಿಗೆ ಗಿಣ್ಣುಹಾಲು ತುಂಬುವ ರಭಸದಲ್ಲಿ ರಕ್ತದ ಸುಣ್ಣದ ಅಂಶವೆಲ್ಲ ಅತ್ತ ಹರಿದು, ಸ್ನಾಯುಗಳು ಸೋತು, ಮೈಯ ಕಾವು ಸಹಜಕ್ಕಿಂತ ಕೆಳಗಿಳಿದಿರುತ್ತದೆ. ಅವರು ಕ್ಯಾಲ್ಸಿಯಂ ದ್ರಾವಣದ ಬಾಟಲಿಯನ್ನು ಕೊರಳಿನ ರಕ್ತನಾಳಕ್ಕೆ ಏರಿಸಿ, ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ಎದೆಬಡಿತ ಕೇಳುವ ನಳಿಗೆ ಹಿಡಿದು, ಅವಸರಿಸದೆ, ಎದೆಯ ಲಯ ತಪ್ಪಿದರೆ ನಿಲ್ಲಿಸುತ್ತ, ಸರಿಯಾದರೆ ಬಿಡುತ್ತ ಇದ್ದರು. ಬಾಟಲಿ ಮುಗಿಯುವ ವೇಳೆಗೆ ಹಸುವಿನ ಮೈ ನಡುಗಿ, ಒಂದು ತೇಗು ಬಂದು, ಸೆಗಣಿ ಹಾಕಿ, ಅದು ಎದ್ದು ನಿಂತಿತು. ಮನೆಯ ಮುದುಕಿಯು ಅವರ ಕಾಲಿಗೆ ಬೀಳಲು ಬಂದಳು, ಅವರು ಹಿಂದಕ್ಕೆ ಸರಿದು, "ಗೊಟ್ಟದಲ್ಲಿ ಎಣ್ಣೆ ಹೊಯ್ದಿದ್ದೀರೇನಮ್ಮ?" ಎಂದು ವಿಚಾರಿಸಿದರು. ಹೊಯ್ದಿರಲಿಲ್ಲ, ಪುಣ್ಯ. ನುಂಗುವ ಶಕ್ತಿ ಕಳೆದುಕೊಂಡ ಹಸುವಿಗೆ ತಲೆಯೆತ್ತಿ ಹಿಡಿದು ಹೊಯ್ದ ಎಣ್ಣೆಯು ಶ್ವಾಸಕೋಶಕ್ಕೆ ಇಳಿದಿದ್ದರೆ, ಕ್ಯಾಲ್ಸಿಯಮ್ಮಿನಿಂದ ಎದ್ದ ಹಸುವು ವಾರದೊಳಗೆ ಪುಪ್ಪುಸದ ಉರಿಯೂತದಿಂದ ಮತ್ತೆ ಮಲಗುತ್ತಿದ್ದಿತು.

ಇದೇ ರೋಗದ ಇತಿಹಾಸದಲ್ಲಿ ಒಂದು ವಿನೋದವಿದೆ. 1897ರಲ್ಲಿ ಡೆನ್ಮಾರ್ಕಿನ ಸ್ಮಿಟ್ ಎಂಬ ಪಶುವೈದ್ಯನು, ಈ ವ್ಯಾಧಿಯ ವಿಷವು ಕೆಚ್ಚಲಿನಲ್ಲಿಯೇ ಹುಟ್ಟುತ್ತದೆಂದು ತರ್ಕಿಸಿ, ಮೊಲೆಗಳ ಮೂಲಕ ಒಳಕ್ಕೆ ಅಯೋಡೈಡಿನ ದ್ರಾವಣವನ್ನು ಬಿಟ್ಟನು, ಹಸುಗಳು ಬದುಕಿದವು. ತರುವಾಯ ಬರಿಯ ಗಾಳಿಯನ್ನು ಊದಿದರೂ ಬದುಕುತ್ತವೆಂದು ಕಂಡುಬಂದು, ಪಂಪಿನಿಂದ ಕೆಚ್ಚಲಿಗೆ ಗಾಳಿ ತುಂಬುವ ಪದ್ಧತಿಯು ದೇಶದೇಶಗಳಿಗೆ ಹರಡಿತು. ವಿಷವೂ ಇರಲಿಲ್ಲ, ಅದನ್ನು ಕೊಲ್ಲುವ ಮಾತೂ ಇರಲಿಲ್ಲ. ತುಂಬಿದ ಗಾಳಿಯ ಒತ್ತಡದಿಂದ ಹಾಲಿಳಿಯುವುದು ನಿಂತು, ಸುಣ್ಣದ ಸೋರಿಕೆ ತಡೆಯುತ್ತಿದ್ದಿತು, ಅಷ್ಟೆ. ರಕ್ತದಲ್ಲಿ ಸುಣ್ಣದ ಕೊರತೆಯೇ ಮೂಲವೆಂಬ ವಾದವನ್ನು ಎಡಿನ್‌ಬರೋದ ಡ್ರೈಯರ್ ಮತ್ತು ಗ್ರೇಗ್ ಎಂಬವರು 1925ರಲ್ಲಿ ಮಂಡಿಸುವವರೆಗೆ, ಕಾರಣದ ಅಂಕಣದಲ್ಲಿ ತಪ್ಪನ್ನೂ ಚಿಕಿತ್ಸೆಯ ಅಂಕಣದಲ್ಲಿ ಸರಿಯನ್ನೂ ಬರೆದುಕೊಂಡು ಜಗತ್ತು ಸುಖವಾಗಿಯೇ ಇದ್ದಿತು. ಗುಬ್ಬಿಯ ಹುಡುಗನು ಇದನ್ನು ಓದುತ್ತಿದ್ದರೆ ಸ್ವಲ್ಪ ಧೈರ್ಯ ತಂದುಕೊಳ್ಳಬಹುದು.

ಹಾಗಾದರೆ ಮೊದಲು ಕಲಿಯತಕ್ಕದ್ದು ಏನು? ನೀರೋಗಿಯಾದ ಪ್ರಾಣಿಯನ್ನು. ಕಾಯಿಲೆಯ ಹಸುವನ್ನು ನೋಡಲು ಎಲ್ಲರೂ ಓಡುತ್ತಾರೆ. ಆರೋಗ್ಯವಾಗಿರುವ ಹಸುವನ್ನು ಗಂಟೆಗಟ್ಟಲೆ ನೋಡಿದ ವಿದ್ಯಾರ್ಥಿಯನ್ನು ನಾನು ಕಂಡದ್ದು ಅಪರೂಪ. ಬೆಳಗಿನ ಜಾವ ನಿಮ್ಮ ಮನೆಯದೋ ನೆರೆಮನೆಯದೋ ಕೊಟ್ಟಿಗೆಯಲ್ಲಿ ಒಂದು ಮಣೆ ಹಾಕಿಕೊಂಡು ಕುಳಿತುಕೊಳ್ಳಿರಿ. ಮೂತಿಯ ಮೇಲೆ ಇಬ್ಬನಿಯಂತೆ ಬೆವರು ಕಟ್ಟಿರುತ್ತದೆ. ಮಲಗಿದ್ದರೂ ನಿಂತಿದ್ದರೂ ಮೆಲುಕು ನಡೆದಿರುತ್ತದೆ. ದಿನಕ್ಕೆ ಹೆಚ್ಚು ಕಡಿಮೆ ಎಂಟು ಗಂಟೆಗಳ ಕಾಲ ಅದರದೇ ಕೆಲಸ. ಎಡಪಕ್ಕೆಯ ಹಿಂದಣ ಗುಳಿಗೆ ಮುಷ್ಟಿಯನ್ನಾನಿಸಿ ಎರಡು ನಿಮಿಷ ಹಿಡಿದರೆ, ಮೊದಲ ಹೊಟ್ಟೆಯು ಎರಡು ಮೂರು ಬಾರಿ ನಿಧಾನವಾಗಿ ಹೊರಳಿ ನಿಮ್ಮ ಕೈಯನ್ನು ಹೊರಕ್ಕೆ ತಳ್ಳುತ್ತದೆ. ಬಾಲದ ಬುಡದ ಒಳಮೈಯಲ್ಲಿ ನಾಡಿಯು ನಿಮಿಷಕ್ಕೆ ಅರವತ್ತರ ಆಸುಪಾಸಿನಲ್ಲಿ ಮಿಡಿಯುತ್ತದೆ. ಗುದದ್ವಾರದ ಥರ್ಮಾಮೀಟರು ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟನ್ನು ತೋರಿಸುತ್ತದೆ. ಈ ಅಂಕಿಗಳು ನಿಮ್ಮ ಪುಸ್ತಕದಲ್ಲಿಯೂ ಇವೆ. ಆದರೆ ನೂರು ಸಾರಿ ಕೈಯಿಂದ ಮುಟ್ಟಿ ಅರಿತವನಿಗೆ, ನೂರ ಒಂದನೆಯ ಹಸುವಿನ ಬಳಿ ನಿಂತೊಡನೆ, ಇನ್ನೂ ಏನನ್ನೂ ಅಳೆಯುವ ಮುನ್ನವೇ, ಇಲ್ಲೇನೋ ಹದಗೆಟ್ಟಿದೆಯೆಂದು ಮನಸ್ಸು ಹೇಳುತ್ತದೆ. ಹುಲಿಗೆ ಆಹಾರವಾಗಿ ಸಾವಿರಾರು ವರ್ಷ ಬಾಳಿದ ಜಾತಿ ಅದು. ನೋವನ್ನು ಮರೆಮಾಚುವುದು ಅದರ ರಕ್ತದಲ್ಲಿಯೇ ಇದೆ. ತೋರಗೊಡುವ ವೇಳೆಗೆ ರೋಗವು ಅರ್ಧ ದಾರಿ ನಡೆದಿರುತ್ತದೆ.

ಕುಣಿಗಲಿನವರಿಗೆ ಇನ್ನೊಂದು ಪಾಠಶಾಲೆಯ ನೆರೆಯ ಭಾಗ್ಯವುಂಟು. ಟಿಪ್ಪು ಸುಲ್ತಾನನು ತನ್ನ ಅಶ್ವದಳಕ್ಕಾಗಿ ಸ್ಥಾಪಿಸಿದನೆಂದು ಪ್ರಸಿದ್ಧವಾದ ಕುದುರೆ ಫಾರಂ ಆ ಊರಿನದು. ನಾನು ತರಬೇತಿಯಲ್ಲಿದ್ದಾಗ ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದರು. ಆ ಹುಲ್ಲುಗಾವಲಿನಲ್ಲಿ ತಾಯಿಯ ಪಕ್ಕದಲ್ಲಿ ಓಡುತ್ತಿದ್ದ ಮರಿಗಳನ್ನು ನೋಡುತ್ತ, ದೊಡ್ಡ ಪ್ರಾಣಿಯೆಂದರೆ ಹಸುವೇ ಎಂದು ತಿಳಿದಿದ್ದ ನನ್ನ ಅಜ್ಞಾನವು ಸ್ವಲ್ಪ ಕದಲಿತು. ಹಸುವಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಕುದುರೆಗೆ ಒಂದೇ, ಅದೂ ಚಿಕ್ಕದು. ಹಸುವು ತೇಗಿ ಗಾಳಿಯನ್ನು ಹೊರಹಾಕುತ್ತದೆ, ಉಂಡದ್ದನ್ನು ಬಾಯಿಗೆ ತಂದು ಮತ್ತೆ ಅಗಿಯುತ್ತದೆ. ಕುದುರೆಯು ವಾಂತಿಯನ್ನೂ ಮಾಡಲಾರದು. ಆದ್ದರಿಂದ ಹೊಟ್ಟೆಶೂಲೆಯು ಹಸುವಿಗೆ ತೊಂದರೆಯಾದರೆ ಕುದುರೆಗೆ ಮೃತ್ಯುಭಯ. ಅದು ನೆಲ ಕೆರೆದು, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಂಡು, ಬಿದ್ದು ಹೊರಳಾಡತೊಡಗಿದರೆ, ಗಡಿಯಾರವನ್ನು ನೋಡಿಕೊಂಡೇ ಕೆಲಸ ಮಾಡಬೇಕು. ಒಂದು ಪ್ರಾಣಿಯ ಸಹಜವನ್ನು ಇನ್ನೊಂದಕ್ಕೆ ಹೊರಿಸಬಾರದೆಂಬುದು ಆ ದಿನ ತಿಳಿಯಿತು: ಕುದುರೆಯ ನಾಡಿಯು ವಿಶ್ರಾಂತಿಯಲ್ಲಿ ನಿಮಿಷಕ್ಕೆ ನಲವತ್ತನ್ನು ಮೀರುವುದಿಲ್ಲ, ಹಸುವಿನ ಅರವತ್ತು ಅದಕ್ಕೆ ಬಂದರೆ ಕೇಡಿನ ಸೂಚನೆ.

ಈಗ ನಾನು ಬರೆಯಬೇಕೆಂದು ಕುಳಿತ ಮುಖ್ಯ ಸಂಗತಿಗೆ ಬರುತ್ತೇನೆ. 1980ರ ಬೇಸಿಗೆ, ಕುಣಿಗಲ್ ಕಡೆಯ ಒಂದು ಹಟ್ಟಿ. ಮಾವಿನ ಕಾಲ. ಬಾಯಿಂದ ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿದ್ದ ಹಸುವೊಂದು, ಮೇವು ಮುಟ್ಟದೆ, ದವಡೆ ಜೋಲಿಬಿಟ್ಟುಕೊಂಡು ನಿಂತಿದ್ದಿತು. "ಗಂಟ್ಲಲ್ಲಿ ಮಾವಿನ ವಾಟೆ ಸಿಕ್ಕಂಡೈತೆ ಸ್ವಾಮಿ, ಒಂದಿಷ್ಟು ಕೈ ಹಾಕಿ ತೆಗುದ್ಬುಡಿ" ಎಂದನು ಯಜಮಾನನು. ಎಷ್ಟು ಸಮಂಜಸವಾದ ವಿವರಣೆ! ಹಿತ್ತಿಲಲ್ಲಿ ಮಾವಿನ ಮರವಿದ್ದಿತು, ನೆಲದ ಮೇಲೆ ಚೀಪಿದ ವಾಟೆಗಳು ಬಿದ್ದಿದ್ದವು, ಅಂಥ ಎರಡು ಪ್ರಸಂಗಗಳನ್ನು ಅದೇ ತಿಂಗಳು ನಾನು ಕಂಡಿದ್ದೆನು. ಹೆಸರು ಸಿಕ್ಕಿದ ಮೇಲೆ ನೋಡುವುದೇನಿದೆ? ಮೂಗುದಾರವನ್ನು ಹಿಡಿದು, ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಿಸಿ, ಮೂತಿಯನ್ನು ಎಡಗೈಯಿಂದ ಎತ್ತಿದೆನು. ಹಿಂದಿನಿಂದ ಯಾರೋ ನನ್ನ ಮಣಿಕಟ್ಟನ್ನು ಇಕ್ಕಳದಂತೆ ಹಿಡಿದರು. ಅದೇ ವೈದ್ಯಾಧಿಕಾರಿಗಳು. ಬಯ್ಯಲಿಲ್ಲ, ನನ್ನನ್ನು ಎಳೆದು ದೂರ ನಿಲ್ಲಿಸಿ, ಯಜಮಾನನನ್ನೂ ಬಿಟ್ಟು, ಬಾಗಿಲ ಬಳಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದ ಎಂಟೊಂಬತ್ತು ವರ್ಷದ ಹುಡುಗಿಯನ್ನು ಕೇಳಿದರು: "ಏನವ್ವ, ಹಟ್ಟಿಗೆ ಯಾವುದಾದರೂ ನಾಯಿ ನುಗ್ಗಿತ್ತಾ?" ಹುಡುಗಿಯು ಸ್ವಲ್ಪ ಯೋಚಿಸಿ, ಊರ ಹಬ್ಬಕ್ಕೆ ಮುಂಚೆ ಒಂದು ಕೆಂಚು ನಾಯಿ ಬಂದಿತ್ತೆಂದೂ, ಹಸುವಿನ ಮೂತಿಗೆ ಬಾಯಿ ಹಾಕಿತ್ತೆಂದೂ, ಅಪ್ಪ ದೊಣ್ಣೆಯಲ್ಲಿ ಅಟ್ಟಿದನೆಂದೂ ಹೇಳಿದಳು. ಯಜಮಾನನು ಅದನ್ನು ಮರೆತೇಬಿಟ್ಟಿದ್ದನು. ಗಾಯವು ಒಂದು ವಾರದಲ್ಲಿ ಮಾಗಿದ್ದಿತಂತೆ. ಅಷ್ಟರಲ್ಲಿ ಹಸುವು ಕೂಗಿತು. ಆ ಧ್ವನಿಯನ್ನು ನಾನು ವರ್ಣಿಸಲಾರೆನು; ಒಡೆದ ಕಹಳೆಯಂತೆ, ಕೊನೆಯಿಲ್ಲದೆ, ಯಾರನ್ನೂ ಉದ್ದೇಶಿಸದೆ ಹೊರಟ ಕೂಗು. ಒಮ್ಮೆ ಕೇಳಿದವನು ಮರೆಯಲಾರನು.

ಹುಚ್ಚುನಾಯಿ ರೋಗವದು. ಹಸುವು ಮೂರನೆಯ ದಿನ ಸತ್ತಿತು. ನನ್ನ ಎಡಗೈಯ ಬೆರಳಿನಲ್ಲಿ ಹುಲ್ಲು ಕೊಯ್ದ ಗಾಯವಿದ್ದು ಜೊಲ್ಲು ಅದಕ್ಕೆ ತಾಗಿದ್ದುದರಿಂದ, ಆ ಕಾಲದ ಪದ್ಧತಿಯಂತೆ, ಹೊಕ್ಕುಳಿನ ಸುತ್ತ ದಿನಕ್ಕೊಂದರ ಹಾಗೆ 14 ಚುಚ್ಚುಮದ್ದುಗಳನ್ನು ಹಾಕಿಸಿಕೊಂಡೆನು, ಯಜಮಾನನಿಗೂ ಹಾಕಿಸಿದರು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯ ನೋವನ್ನು ನೀವು ಅನುಭವಿಸಬೇಕಾಗಿಲ್ಲ. ಈಗ ತೋಳಿಗೆ ಕೊಡುವ ಕೆಲವೇ ಚುಚ್ಚುಮದ್ದುಗಳಲ್ಲಿ ಕೆಲಸ ಮುಗಿಯುತ್ತದೆ, ಕಚ್ಚಿಸಿಕೊಳ್ಳುವುದಕ್ಕೆ ಮುಂಚೆಯೇ ಹಾಕಿಸಿಕೊಳ್ಳುವ ಸೌಕರ್ಯವೂ ಇದೆ. ನಿಮ್ಮ ವೃತ್ತಿಯವರು ಅದನ್ನು ಮೊದಲೇ ಹಾಕಿಸಿಕೊಳ್ಳತಕ್ಕದ್ದು. ಆ ಮನೆಯವರು ಬಹಳ ಹೆದರಿದ್ದುದು ತಾವು ಕುಡಿದಿದ್ದ ಹಾಲಿನ ವಿಷಯಕ್ಕೆ. ಕಾಯಿಸಿದ ಹಾಲಿನಲ್ಲಿ ಆ ವೈರಸ್ಸು ಉಳಿಯುವುದಿಲ್ಲವೆಂದು ನಮ್ಮ ಅಧಿಕಾರಿಗಳು ಅರ್ಧ ಗಂಟೆ ಕುಳಿತು ವಿವರಿಸಿದುದು, ಹಸುವಿಗೆ ಏನೂ ಮಾಡಲಾಗದಿದ್ದ ಆ ದಿನ, ಅವರು ಮಾಡಿದ ಚಿಕಿತ್ಸೆಯೇ ಆಗಿದ್ದಿತು. ಹಿಂದಿರುಗುವಾಗ ದಾರಿಯಲ್ಲಿ ಅವರು ನನಗೆ ಹೇಳಿದುದು ಇಷ್ಟೆ: ಜೊಲ್ಲು ಸುರಿಸುವ ಯಾವ ರಾಸನ್ನಾದರೂ, ಹುಚ್ಚು ಅಲ್ಲವೆಂದು ಖಚಿತವಾಗುವ ತನಕ, ಹುಚ್ಚೆಂದೇ ತಿಳಿದು ಬಾಯಿಗೆ ಕೈ ಹಾಕದಿರು, ಮತ್ತು ಪ್ರಶ್ನೆಯನ್ನು ಮನೆಯ ಯಜಮಾನನಿಗಿಂತ ಮೊದಲು ಮೇವು ಹಾಕುವವರನ್ನು ಕೇಳು. ನಲವತ್ತು ವರ್ಷಗಳಾದರೂ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಕಲಿಯಲಿಲ್ಲ. ಹಾಲು ಕರೆಯುವವಳು, ಮೇಯಿಸಲು ಹೊಡೆದುಕೊಂಡು ಹೋಗುವ ಹುಡುಗ, ಕಸ ಬಾಚುವ ಮುದುಕಿ, ಇವರ ಬಾಯಲ್ಲಿ ಅರ್ಧ ರೋಗನಿದಾನವಿರುತ್ತದೆ. ನಾವು ಕೇಳುವುದು ಮಾತ್ರ ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದವನನ್ನು.

ನೆರಡಿ ರೋಗದ ವಿಷಯದಲ್ಲಿ ನಾನು ದೀರ್ಘವಾಗಿ ಬರೆಯುವುದಿಲ್ಲ, ಕಟ್ಟುನಿಟ್ಟಾಗಿ ಬರೆಯುತ್ತೇನೆ. ನಿನ್ನೆ ಸಂಜೆ ಚೆನ್ನಾಗಿದ್ದ ಎತ್ತು ಬೆಳಗ್ಗೆ ಸತ್ತು ಬಿದ್ದಿದ್ದು, ಹೊಟ್ಟೆ ಬೇಗನೆ ಉಬ್ಬಿ, ಮೂಗು ಬಾಯಿ ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪುರಕ್ತ ಒಸರುತ್ತಿದ್ದರೆ, ಹಾವು ಕಚ್ಚಿತೆಂದು ಒಬ್ಬನೂ ಹೊಟ್ಟೆಯುಬ್ಬರವೆಂದು ಇನ್ನೊಬ್ಬನೂ ಹೇಳುತ್ತಾರೆ. ಕೊಯ್ದು ನೋಡೋಣವೆಂದು ಮೂರನೆಯವನು ಮುಂದೆ ಬರುತ್ತಾನೆ. ಕೊಯ್ಯಬಾರದು. ಗಾಳಿ ಸೋಕಿದರೆ ಈ ರೋಗದ ದಂಡಾಣುಗಳು ಬೀಜಕಣಗಳಾಗಿ ಮಣ್ಣು ಸೇರಿ ದಶಕಗಳವರೆಗೆ ಕಾಯುತ್ತವೆ. ಅವುಗಳ ಈ ಜೀವನಚಕ್ರವನ್ನು ರಾಬರ್ಟ್ ಕಾಕನು 1876ರಲ್ಲಿಯೇ ತೋರಿಸಿಕೊಟ್ಟನು. ಕೈಗವಸು ತೊಟ್ಟು ಕಿವಿಯ ರಕ್ತನಾಳದಿಂದ ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಗೆ ತೆಗೆಯುವುದು, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಚರ್ಮಸಹಿತ ಹೂಳಿಸುವುದು, ಪಶುವೈದ್ಯರಿಗೆ ಕೂಡಲೇ ತಿಳಿಸುವುದು. ಚರ್ಮದ ಬೆಲೆಯ ಮಾತೆತ್ತುವವನ ಮೇಲೆ ಕೋಪಿಸಿಕೊಳ್ಳಬೇಡಿರಿ. ಎತ್ತು ಹೋದವನಿಗೆ ಚರ್ಮವೂ ಹೋಯಿತೆಂದರೆ ಏನಾಗುತ್ತದೆಂದು ಸಂಬಳ ಬರುವ ನಮಗೆ ತಿಳಿಯುವುದಿಲ್ಲ. ಆದರೂ ಬಿಟ್ಟುಕೊಡಬೇಡಿರಿ.

ನಗರದ ವಿದ್ಯಾರ್ಥಿಗಳು ತಮಗೆ ರೋಗಿಗಳಿಲ್ಲವೆಂದು ತಿಳಿಯಬೇಕಾಗಿಲ್ಲ. ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯ ಹಿಂದೆ ಪ್ಲಾಸ್ಟಿಕ್ ಚೀಲಸಹಿತ ಕೋಸಿನೆಲೆ ನುಂಗುವ ಹಸುಗಳನ್ನೂ, ಕಲ್ಯಾಣಮಂಟಪಗಳ ಹಿತ್ತಿಲಲ್ಲಿ ಸುರಿದ ಅನ್ನದ ರಾಶಿಗೆ ಮುಗಿಬೀಳುವ ದನಗಳನ್ನೂ ನೋಡಿರಿ. ಹುಲ್ಲಿಗೆಂದು ಒಗ್ಗಿದ ಆ ದೊಡ್ಡ ಹೊಟ್ಟೆಯಲ್ಲಿ ಬೆಂದ ಅನ್ನವು ಹುಳಿಯಾಗಿ, ಆಮ್ಲವೇರಿ, ಮದುವೆಯ ಮರುದಿನ ಹಸುವು ಓಲಾಡಿ ಬೀಳುತ್ತದೆ. ಹಳ್ಳಿಗಳಲ್ಲಿ ಇದು ಸಂಕ್ರಾಂತಿಯ ಮರುದಿನದ ಕಾಯಿಲೆ: ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸಿ, ಪ್ರೀತಿ ಹೆಚ್ಚಾಗಿ ಮೊರದ ತುಂಬ ಪೊಂಗಲು ತಿನ್ನಿಸಿರುತ್ತಾರೆ. ಪ್ರೀತಿಯಿಂದ ಬಂದ ರೋಗಕ್ಕೆ ಮದ್ದು ಕೊಡುವಾಗ ಮಾತು ಮೃದುವಾಗಿರಲಿ.

ಇನ್ನು ಸಾಂಕ್ರಾಮಿಕಗಳು. ನಮ್ಮ ಅಜ್ಜಿಯರ ಬೈಗುಳದಲ್ಲಿ ದೊಡ್ಡರೋಗವೆಂಬ ಪದವನ್ನು ನೀವು ಕೇಳಿರಬಹುದು. ದನಗಳ ದೊಡ್ಡರೋಗವೆಂದರೆ ರಿಂಡರ್‌ಪೆಸ್ಟ್. ಕಣ್ಣು ಮೂಗು ಸುರಿದು, ಬಾಯೆಲ್ಲ ಹುಣ್ಣಾಗಿ, ಭೇದಿಯಿಂದ ವಾರದೊಳಗೆ ಹಟ್ಟಿಗೆ ಹಟ್ಟಿಯೇ ಬರಿದಾಗುತ್ತಿದ್ದಿತು. ಅದನ್ನೆದುರಿಸಲೆಂದೇ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿದುದು. ಕುಮಾವೂನಿನ ಬೆಟ್ಟಗಳ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬಾತನು ಆಡಿನ ಮೈಯಲ್ಲಿ ಹಾಯಿಸಿ ಪಳಗಿಸಿದ ವೈರಸ್ಸಿನಿಂದ ಲಸಿಕೆ ಮಾಡಿದುದೂ ಅದೇ ದಶಕದಲ್ಲಿ. ನಾನು ಸೇವೆಗೆ ಸೇರಿದ ವರ್ಷಗಳಲ್ಲಿಯೂ ಐಸಿನ ಫ್ಲಾಸ್ಕನ್ನು ಹೆಗಲಿಗೆ ಹಾಕಿಕೊಂಡು ಆ ಚುಚ್ಚುಮದ್ದಿಗಾಗಿ ಊರೂರು ಸುತ್ತಿದ್ದೇನೆ. ಭಾರತದಲ್ಲಿ 1995ರ ತರುವಾಯ ಆ ರೋಗ ಕಾಣಿಸಲಿಲ್ಲ. 2011ರಲ್ಲಿ ಅದು ಭೂಮಂಡಲದಿಂದಲೇ ಅಳಿಯಿತೆಂದು ಘೋಷಿಸಿದರು. ಸಿಡುಬಿನ ನಂತರ ಮನುಷ್ಯನು ನಿರ್ಮೂಲಗೊಳಿಸಿದ ಎರಡನೆಯ ವ್ಯಾಧಿ ಅದು. ಆ ಸುದ್ದಿಯನ್ನು ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಓದಿದ ದಿನ ನಾನು ಹಳೆಯ ಫ್ಲಾಸ್ಕನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟೆನು. ಮನೆಯವರಿಗೆ ಕಾರಣ ಹೇಳಲಿಲ್ಲ.

ಅದಾದ ಎರಡೇ ವರ್ಷಕ್ಕೆ, 2013ರಲ್ಲಿ, ಕಾಲುಬಾಯಿ ಜ್ವರವು ರಾಜ್ಯದ ದಕ್ಷಿಣದ ಜಿಲ್ಲೆಗಳನ್ನು ಹೊಕ್ಕಿತು. ಹಳ್ಳಿಕಾರ್ ರಾಸುಗಳು ನಾಲ್ಕು ದಿನ ಜೊಲ್ಲು ಸುರಿಸಿ, ಕುಂಟಿ, ಬಹುತೇಕ ಚೇತರಿಸಿಕೊಂಡವು. ಹತ್ತು ಹನ್ನೆರಡು ಲೀಟರು ಕರೆಯುವ ಮಿಶ್ರತಳಿಯ ಹಸುಗಳು ಕೊಟ್ಟಿಗೆಯಲ್ಲೇ ಕುಸಿದವು. ಮೇಲಕ್ಕೆ ಏನೂ ತೋರದಿದ್ದ ಎಳೆಗರುಗಳು ತಾಯಿಯ ಮೊಲೆಯುಣ್ಣುತ್ತಿದ್ದ ಹಾಗೆಯೇ ಬಿದ್ದು ಸತ್ತವು. ಅವುಗಳಲ್ಲಿ ವೈರಸ್ಸು ಹೃದಯದ ಸ್ನಾಯುವನ್ನೇ ತಿನ್ನುತ್ತದೆ. ಬದುಕಿಕೊಂಡ ಹಸುಗಳೂ ಎಷ್ಟೋ ತಿಂಗಳು ಬಿಸಿಲಿಗೆ ತೇಕುತ್ತಿದ್ದವು. ಅದಕ್ಕೆ ಹಿಂದಿನ ಸುತ್ತಿನಲ್ಲಿ, ಹಾಲು ಕಡಮೆಯಾಗುತ್ತದೆಂದು ಹೆದರಿ, ಲಸಿಕೆಯವರು ಬಂದಾಗ ದನಗಳನ್ನು ತೋಟಕ್ಕೆ ಅಟ್ಟಿದ್ದ ಮನೆಗಳನ್ನು ನಾನು ಬಲ್ಲೆನು. ಅವರ ಭಯವು ಪೂರ್ತಿ ಸುಳ್ಳಲ್ಲ. ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯುವುದುಂಟು. ಇಲ್ಲವೆಂದು ವಾದಿಸಿದರೆ ನಿಮ್ಮ ಮುಂದಿನ ನಿಜವನ್ನೂ ಅವರು ನಂಬುವುದಿಲ್ಲ. ಹೌದೆಂದು ಒಪ್ಪಿಕೊಂಡು, ಆಮೇಲೆ ಸೂಜಿಯನ್ನು ತೆಗೆಯಿರಿ. 2019ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮದಡಿ ಕಾಲುಬಾಯಿ ಜ್ವರಕ್ಕೆ ಆರಾರು ತಿಂಗಳಿಗೊಮ್ಮೆ, ಕಂದುರೋಗಕ್ಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಂದೇ ಬಾರಿ, ಲಸಿಕೆಯು ಉಚಿತವಾಗಿ ಬರುತ್ತಿದೆ. ಕಿವಿಯಲ್ಲಿ ಹನ್ನೆರಡು ಅಂಕಿಗಳ ಓಲೆಯೂ ಬಂದಿದೆ. ಕಂದುರೋಗದ ಲಸಿಕೆಯನ್ನು ಹಾಕುವಾಗ ಕನ್ನಡಕವನ್ನೂ ಕೈಗವಸನ್ನೂ ಮರೆಯಬೇಡಿರಿ, ಅದರಲ್ಲಿರುವುದು ಜೀವಂತ ಸೂಕ್ಷ್ಮಜೀವಿ. ಕಸ ಬೀಳದ ಹಸುವಿಗೆ ಬರಿಗೈ ಹಾಕಿ, ಸಂಜೆ ಬಂದು ಬಿಟ್ಟುಹೋಗುವ ಜ್ವರವನ್ನೂ ಕೀಲುನೋವನ್ನೂ ವರ್ಷಗಟ್ಟಲೆ ಹೊತ್ತ ಸಹೋದ್ಯೋಗಿಗಳು ನನಗಿದ್ದರು.

ಒಂದು ಎಚ್ಚರಿಕೆಯ ಮಾತು. ಎರಡು ವರ್ಷದ ಓದು ಮುಗಿಸಿ ನೀವು ಊರಿಗೆ ಬಂದ ದಿನವೇ ಜನರು ನಿಮ್ಮನ್ನು ಡಾಕ್ಟ್ರೇ ಎಂದು ಕರೆಯುತ್ತಾರೆ. ಕೇಳುವುದಕ್ಕೆ ಇಂಪಾಗಿಯೇ ಇರುತ್ತದೆ, ನನಗೂ ಇದ್ದಿತು. ಆದರೆ 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯ ಪ್ರಕಾರ ನಮ್ಮಂಥವರು ಮಾಡತಕ್ಕದ್ದು ಕಿರು ಸೇವೆಗಳನ್ನು, ಅದೂ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ. ಇದರಲ್ಲಿ ಅವಮಾನವೇನೂ ಇಲ್ಲ. ಹೆಸರಿಡುವ ಹೊಣೆ ಅವರದು. ನೋಡುವ, ಮುಟ್ಟುವ, ಕೇಳುವ, ಬರೆದಿಟ್ಟುಕೊಳ್ಳುವ ಹೊಣೆ ನಿಮ್ಮದು, ಮತ್ತು ಹೊತ್ತಿಗೆ ಸರಿಯಾಗಿ ಕೂಗಿ ಕರೆಯುವುದು. ಈಗಂತೂ 1962 ಎಂಬ ಸಂಖ್ಯೆಗೆ ಫೋನು ಮಾಡಿದರೆ ಪಶು ಸಂಜೀವಿನಿಯ ಗಾಡಿ ಹಟ್ಟಿಯ ಬಾಗಿಲಿಗೇ ಬರುತ್ತದೆ. ನನ್ನ ಮಣಿಕಟ್ಟನ್ನು ಹಿಡಿದವರಿಗೂ ಆ ಹುಡುಗಿಯ ಮಾತಿಲ್ಲದೆ ಹೆಸರು ದೊರೆಯುತ್ತಿರಲಿಲ್ಲ.

ಗುಬ್ಬಿಯ ಹುಡುಗನೇ, ನಿನ್ನ ನೋಟುಪುಸ್ತಕವನ್ನು ಹರಿಯಬೇಡ. ಪರೀಕ್ಷೆಗೆ ಅದು ಬೇಕು. ಇನ್ನೊಂದನ್ನು ಕೊಂಡು ಅದರಲ್ಲಿ ಗೆರೆಗಳನ್ನೆಳೆಯದೆ ಇಟ್ಟುಕೋ. ಬರುವ ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆ ಸೇರುತ್ತದೆ. ಬೆಳಗಿನ ಐದೂವರೆಗೆ, ಇಬ್ಬನಿ ಆರುವ ಮುನ್ನ, ರಾಗಿಹುಲ್ಲಿನ ಮೆದೆಗಳ ನಡುವೆ ಕಟ್ಟಿದ ಹಳ್ಳಿಕಾರ್ ಹೋರಿಗಳ ಸಾಲಿನಲ್ಲಿ ನಾನು ತಿರುಗಾಡುತ್ತಿರುತ್ತೇನೆ, ಕಂದು ಬಣ್ಣದ ಮಫ್ಲರು ಸುತ್ತಿಕೊಂಡು. ನೀವು ಎಷ್ಟು ಜನ ಬಂದರೂ ಸರಿ. ಥರ್ಮಾಮೀಟರು ಬೇಡ, ಪುಸ್ತಕ ಬೇಡ. ಮಾಲೀಕನ ಅಪ್ಪಣೆ ಕೇಳಿ, ಹೋರಿಯ ಎಡಪಕ್ಕೆಗೆ ಮುಷ್ಟಿಯಿಟ್ಟು, ಮಾತಾಡದೆ, ಎರಡು ನಿಮಿಷ ನಿಲ್ಲೋಣ.

ಇತಿ,
ಒಬ್ಬ ನಿವೃತ್ತ ಪಶುವೈದ್ಯ ಪರೀಕ್ಷಕ
ತುಮಕೂರು